ಖಾಲಿ ಸ್ಟೂಲಿಗೆ ಕೈ ಎತ್ತಿದ್ದು

ನನ್ನನ್ನು ಪ್ರಾಮಾಣಿಕ ಎಂದು ಹೊಗಳುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಎನಿಸುತ್ತದೆ. ಯಾರಾದರೂ ನೋಡುತ್ತಿರುವಷ್ಟು ಹೊತ್ತು ನಾನು ಅಪ್ಪಟ ಸತ್ಯಸಂಧನೇ. ತೊಂದರೆಯೆಲ್ಲ ಉಳಿದ ಹೊತ್ತಿನದು. ಕೋಲಾರದ ಚಾಂಪಿಯನ್ ರೀಫ್ಸ್ ಕಡೆಯ ಚಿನ್ನದ ಗಣಿಯೊಂದರಲ್ಲಿ ಉಗ್ರಾಣದ ಗುಮಾಸ್ತನಾಗಿದ್ದಾಗ, ಗಣಿಯೊಳಗಿನ ಬೆಳಕಿಗೆಂದು ಇಟ್ಟಿದ್ದ ಮೇಣದಬತ್ತಿಗಳಲ್ಲಿ ಆಗಾಗ ಎರಡನ್ನು ಊಟದ ಕ್ಯಾರಿಯರ್‌ನಲ್ಲಿಟ್ಟು ಬಂಗಾರಪೇಟೆಯ ಮನೆಗೆ ಸಾಗಿಸುತ್ತಿದ್ದೆ. ಮಗಳ ಓದಿಗೆ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಆದರೆ ಗುಮಾಸ್ತರಿಗೆ ಬೇರೆಯೇ ಬಾಗಿಲು, ತಪಾಸಣೆಯೂ ಇರಲಿಲ್ಲ.

ತಪಾಸಣೆಯೇನಿದ್ದರೂ ಗಣಿಯಿಂದ ಮೇಲೆ ಬರುವ ಕೂಲಿಗಳಿಗೆ. ಮುದುಕ ಕಾವಲುಗಾರ ಮುನಿಸ್ವಾಮಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಅವರು ಎದುರು ನಿಂತು ಎರಡೂ ಕೈ ಎತ್ತಿದರೆ, ಅವನು ಕಂಕುಳು, ಸೊಂಟ ತಡವಿ, ಚಿನ್ನದ ಚೂರಿಲ್ಲವೆಂದು ಖಾತ್ರಿಯಾದ ಮೇಲೆ ಬಿಡುತ್ತಿದ್ದ. ಅವನು ತೀರಿಕೊಂಡ. ಆ ಜಾಗದಲ್ಲಿ ಯಾರನ್ನು ಕೂರಿಸುವುದೆಂದು ಮೇಲಿನವರು ತೀರ್ಮಾನಿಸುವುದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನವೂ ಕೂಲಿಗಳು ಖಾಲಿ ಸ್ಟೂಲಿನ ಮುಂದೆ ಒಬ್ಬೊಬ್ಬರಾಗಿ ನಿಂತು, ಕೈ ಎತ್ತಿ, ತಡವುವಷ್ಟು ಹೊತ್ತು ಕಾದು ಮುಂದೆ ಹೋಗುತ್ತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ಯಾರಿದ್ದಾರೆ ಅಂತ ಕೈ ಎತ್ತುತ್ತೀಯೋ ವೆಂಕಟಪ್ಪ?" ಎಂದು ಪರಿಚಯದ ಕೂಲಿಯೊಬ್ಬನನ್ನು ಕೇಳಿದೆ.

"ಅದೇ ಕೈ ಸಾರ್, ಅಂಗೇ ತಡವ್ತದೆ. ಈಗ ಒಸಿ ತಣ್ಣಗೈತೆ, ಅಷ್ಟೆ." ಅವನು ನಗಲಿಲ್ಲ.

ಮೂರನೆಯ ದಿನ ನಮ್ಮ ಬಾಗಿಲಿನ ಬೀಗ ಕೆಟ್ಟು, ಗುಮಾಸ್ತರೂ ಆ ದಾರಿಯಲ್ಲೇ ಹೋಗಬೇಕಾಯಿತು. ಸುಡುಬಿಸಿಲು, ರೈಲಿಗೆ ಹೊತ್ತಾಗಿತ್ತು, ಕ್ಯಾರಿಯರ್‌ನಲ್ಲಿ ಬತ್ತಿಗಳಿದ್ದವು. ಸ್ಟೂಲಿನ ಕಡೆ ನೋಡದೆ ಸರಸರ ದಾಟಿಬಿಡೋಣವೆಂದರೆ ಕಾಲು ನಿಂತೇ ಬಿಟ್ಟಿತು. ಕ್ಯಾರಿಯರ್ ಸಮೇತ ಕೈಗಳು ತಾವಾಗಿಯೇ ಮೇಲೆದ್ದವು. ಕಂಕುಳಿಗೆ ತಣ್ಣಗೆ ಏನೋ ಸೋಕಿತು, ಸೊಂಟಕ್ಕಿಳಿಯಿತು. ಆಮೇಲೆ ನನ್ನ ತಲೆಯ ಮೇಲೆ ಕ್ಯಾರಿಯರ್‌ನ ಮುಚ್ಚಳ ಮೆಲ್ಲಗೆ ಕಿರುಗುಟ್ಟಿತು.

"ಬಿಚ್ಚಿ ತೋರ್ಸ್‌ಬುಡಿ ಸಾರ್," ಎಂದ ಹಿಂದೆ ನಿಂತಿದ್ದ ವೆಂಕಟಪ್ಪ, "ಬಿಡಾಕಿಲ್ಲ ಅವ್ನು."

ನಾನು ಹಿಂದಕ್ಕೆ ತಿರುಗಿದೆ. ಓಡಿಹೋಗಿ ಬತ್ತಿಗಳನ್ನು ಉಗ್ರಾಣದ ಪೆಟ್ಟಿಗೆಗೆ ಹಾಕಿದೆ. ರೈಲು ತಪ್ಪಿತು.

ಮರುದಿನ ಹೊಸ ಕಾವಲುಗಾರ ಬಂದ. ಗಿರಿಜಾ ಮೀಸೆ, ಹದ್ದಿನಂಥ ಕಣ್ಣು. ಬೀಗ ಇನ್ನೂ ರಿಪೇರಿಯಾಗಿರಲಿಲ್ಲ. ನಾನು ವಿಧೇಯನಾಗಿ ಅವನೆದುರು ಕೈ ಎತ್ತಿ ನಿಂತೆ. ಅವನು ಗಾಬರಿಯಿಂದ ಎದ್ದು ಸಲಾಮು ಹೊಡೆದು, "ಏ, ನೀವ್ಯಾಕೆ ಸಾರ್! ನೀವು ಓಗಿ, ಓಗಿ!" ಎಂದ. ಕೊನೆಗೂ ಒಬ್ಬ ಜೀವಂತ ಮನುಷ್ಯ ಕಾವಲಿಗೆ ಕೂತನಲ್ಲ ಎಂದು ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆ ವಾರದಿಂದ ಮೂರು ಬತ್ತಿ ಒಯ್ಯತೊಡಗಿದೆ.