ಮಾವನ ಕಾರಿನ ಕೆಮ್ಮು

ಮಾವ ತೀರಿಕೊಂಡು ಒಂದು ವರ್ಷವಾದರೂ ಅವರ ಕಾರಿನ ಕೆಮ್ಮು ಮಾತ್ರ ಹಾಗೇ ಇತ್ತು. ಕೀಲಿ ತಿರುಗಿಸಿದರೆ ಮೊದಲು ಗೊರಗೊರ, ಆಮೇಲೆ ಎರಡು ಕೆಮ್ಮು, ಒಂದು ಸೀನು. ಅಷ್ಟಾದ ಮೇಲೆಯೇ ಎಂಜಿನ್ನು ಒಲ್ಲದ ಮನಸ್ಸಿನಿಂದ, ಕೆಮ್ಮುತ್ತಲೇ ಓಡತೊಡಗುತ್ತಿತ್ತು.

ಅದು ಇಬ್ಬರೇ ಕೂರಬಹುದಾದ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ಕೆಂಪು ಸ್ಪೋರ್ಟ್ಸ್ ಕಾರು. ಮದುವೆಗೆ ಮುಂಚೆ ಈ ಮನೆಗೆ ಮೊದಲ ಸಲ ಬಂದಾಗ ಅಳಿಯ ಹುಡುಗಿಯನ್ನು ಎಷ್ಟು ನೋಡಿದನೋ ಕಾರನ್ನೂ ಅಷ್ಟೇ ನೋಡಿದ್ದ. "ಮುಟ್ಟಬೇಡಿ, ಕೈಗುರುತು ಬೀಳುತ್ತೆ" ಎಂದಿದ್ದರು ಮಾವ. ಎರಡರಲ್ಲಿ ಯಾವುದರ ಬಗ್ಗೆ ಹೇಳಿದರೆಂದು ತಿಳಿಯದೆ ಅಳಿಯ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡಿದ್ದ. ಕಾರಿನ ಮಟ್ಟಿಗೆ ಆ ಕೈಗಳು ಇಪ್ಪತ್ತೊಂದು ವರ್ಷ ಜೇಬಿನಲ್ಲೇ ಇದ್ದವು. ಮಾವ ಹೋದಮೇಲೂ ವಾರಕ್ಕೊಮ್ಮೆ ಅಂಗಳದಲ್ಲಿ ಅದನ್ನು ಚಾಲೂ ಮಾಡಿ ನಿಲ್ಲಿಸುವುದಷ್ಟೇ ಅವನ ಭಾಗ್ಯ.

ಆ ಭಾನುವಾರ ಬೆಳಿಗ್ಗೆ ಅತ್ತೆ ಕರೆದು ಹೇಳಿದರು: "ಸಂಜೆ ಐದಕ್ಕೆ ಆ ಕಾರಲ್ಲಿ ನನ್ನನ್ನ ಒಂದು ಸುತ್ತು ಕರಕೊಂಡು ಹೋಗಿ. ಮಗ ಮಾರೋಣ ಅಂತಿದಾನೆ, ಗಿರಾಕೀನೂ ಹುಡುಕಿಟ್ಟಿದಾನೆ. ನಾನು ಒಂದ್ಸಲ ಕೂತು ನೋಡ್ತೀನಿ. ಮನಸ್ಸಿಗೆ ಬಂದ್ರೆ ಕೀಲಿ ನಿಮಗೆ. ಇಲ್ಲಾಂದ್ರೆ ಅವನಿಗೆ."

ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅಳಿಯನ ಕಸುಬು ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಬೀದಿಗೋಡೆಯ ನೋಟೀಸಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೂ ಜೇಬಿನಿಂದ ಪೆನ್ನು ತೆಗೆಯುವ ಪ್ರಾಣಿ. ಅತ್ತೆಯನ್ನು ಕೆಮ್ಮುವ ಕಾರಿನಲ್ಲಿ ಕೂರಿಸುವುದೇ? ಎರಡು ತಿಂಗಳ ಹಿಂದೆಯೇ ತಂದು ಮಂಚದ ಕೆಳಗೆ ಬಚ್ಚಿಟ್ಟಿದ್ದ ಹೊಸ ಪ್ಲಗ್ ವೈರುಗಳನ್ನು ಹೊರಗೆಳೆದ.

"ರೀ, ಓಡೋ ಗಾಡೀನ ಯಾಕೆ ಬಿಚ್ತೀರಿ?" ಎಂದಳು ಹೆಂಡತಿ.

"ಓಡ್ತಾ ಇಲ್ಲ ಕಣೇ, ಏದುಸಿರು ಬಿಡ್ತಿದೆ."

ಬಾನೆಟ್ ಎತ್ತಿದ. ಹಳೆಯ ವೈರುಗಳು ಒಡೆದ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿದ್ದವು. ಎಂಜಿನ್ನಿಗೆ ನಾಲ್ಕು ಪ್ಲಗ್ಗು. ಪಕ್ಕದ ಕಪ್ಪು ಡಬ್ಬಿಯ ಮುಚ್ಚಳದಿಂದ ನಾಲ್ಕು ವೈರು ಹೊರಟು ಒಂದೊಂದು ಪ್ಲಗ್ಗಿಗೆ ಅದರದರ ಸರದಿಯಲ್ಲಿ ಕಿಡಿ ಮುಟ್ಟಿಸಬೇಕು. ಯಾವುದು ಎಲ್ಲಿಗೆ ಎನ್ನುವುದು ತಪ್ಪಿದರೆ ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಹಾರುತ್ತದೆ. ಹಾಗಾಗಿ ಒಂದನ್ನು ಬಿಚ್ಚಬೇಕು, ಆ ಜಾಗಕ್ಕೆ ಹೊಸದನ್ನು ಹಾಕಬೇಕು, ಆಮೇಲೆ ಇನ್ನೊಂದು. ಅಳಿಯ ಅಷ್ಟಕ್ಕೂ ಸಮಾಧಾನವಾಗದೆ ಪ್ರತಿ ವೈರಿಗೂ ಸಣ್ಣ ಚೀಟಿ ಅಂಟಿಸಿ ಅಂಕಿ ಬರೆದ. ಎರಡೆರಡು ಸಲ ಓದಿ ನೋಡಿದ.

ಆಗ ಒಳಗೆ ಫೋನು ಬಂತು. ಭಾಮೈದ. "ಭಾವ, ಐದಕ್ಕೆ ನಾನೂ ಬರ್ತೀನಿ. ಕಾರಿಗೆ ಏನೂ ಮಾಡೋಕೆ ಹೋಗ್ಬೇಡಿ, ಇದ್ದ ಹಾಗೇ ಇರ್ಲಿ."

"ಛೆ ಛೆ, ನಾನ್ಯಾಕೆ ಮುಟ್ಲಿ" ಎಂದು ಅಳಿಯ ಎಣ್ಣೆಗೈಯನ್ನು ಬೆನ್ನ ಹಿಂದೆ ಮರೆಮಾಡಿದ, ಫೋನಿಗೆ ಕಣ್ಣಿರುವ ಹಾಗೆ.

ಹೊರಗೆ ಬಂದರೆ ಎದುರುಮನೆಯ ದರ್ಜಿ ಕಾರಿನ ಪಕ್ಕ ನೆಲದ ಮೇಲೆ ಕೂತಿದ್ದ. ಬಟ್ಟೆ ಹಾಸಿ, ನಾಲ್ಕೂ ಹಳೆಯ ವೈರುಗಳನ್ನು ಸಾಲಾಗಿ ಮಲಗಿಸಿ ಟೇಪು ಹಿಡಿದು ಅಳೆಯುತ್ತಿದ್ದ.

"ಎಲ್ಲಾ ಬಿಚ್ಚಿಬಿಟ್ರಾ!"

"ಮತ್ತೆ? ಅಂಗಿ ರಿಪೇರಿಗೆ ಬಂದ್ರೆ ಹೊಲಿಗೆ ಪೂರ್ತಿ ಬಿಚ್ಚಬೇಕು ಸಾರ್, ತೋಳು ಒಂದೊಂದಾಗಿ ಬಿಚ್ತಾರಾ? ಎಲ್ಲಾ ಹೆಚ್ಚುಕಮ್ಮಿ ಒಂದೇ ಅಳತೆ, ಚಿಂತೆ ಬೇಡ."

"ಚೀಟಿಗಳು?"

"ಓ, ಅವಾ? ಕಸ ಅಂಟಿಕೊಂಡಿತ್ತು, ಕೊಡವಿದೆ."

ನಾಲ್ಕು ಚೀಟಿಗಳೂ ಚರಂಡಿಯಲ್ಲಿ ತೇಲಿಹೋಗಿದ್ದವು. ಕಾರಿನ ಪುಸ್ತಕ ತೆರೆದರೆ, ಬೇಕಾದ ಪುಟದ ಮೇಲೆಯೇ ಮಾವ ಎಂದೋ ಎಣ್ಣೆಡಬ್ಬಿ ಇಟ್ಟಿದ್ದರು. ಅಂಕಿಗಳ ಜಾಗದಲ್ಲಿ ದುಂಡನೆಯ ಕಪ್ಪು ಕಲೆ. ಗ್ಯಾರೇಜಿಗೆ ಭಾನುವಾರದ ಬೀಗ. ಅಳಿಯ ಪರೀಕ್ಷೆಗೆ ಹಿಂದಿನ ವರ್ಷದ ಪಾಠ ಓದಿಕೊಂಡು ಬಂದವನಂತೆ ನಿಂತ.

ಸದ್ದು ಕೇಳಿ ಪಕ್ಕದ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಬಂದರು. ವಿಷಯ ತಿಳಿದದ್ದೇ ಅವರ ಮುಖ ಹತ್ತು ವರ್ಷ ಚಿಕ್ಕದಾಯಿತು. "ಇದಕ್ಕೆ ಅಳೋದೇನ್ರೀ? ನಾಲ್ಕ್ ಮೂರ್ಲಿ ಹನ್ನೆರಡು, ಹನ್ನೆರಡೆರಡ್ಲಿ ಇಪ್ಪತ್ನಾಲ್ಕು. ಇರೋದೇ ಇಪ್ಪತ್ನಾಲ್ಕು ಕ್ರಮ. ಒಂದೊಂದೇ ಹಾಕ್ತಾ ಹೋಗಿ, ನಾನು ಬರ್ಕೋತೀನಿ."

ಹೊಸ ವೈರುಗಳನ್ನು ಸಿಕ್ಕಿಸಿ ಶುರುಮಾಡಿದರು. ಮೊದಲನೆಯ ಕ್ರಮಕ್ಕೆ ಕಾರು ಢಂ ಎಂದಿತು, ಬೀದಿಯ ಪಾರಿವಾಳಗಳೆಲ್ಲ ಮೇಲೆದ್ದವು. ಮೂರನೆಯದಕ್ಕೆ ಹೊಗೆ ಕಾರಿ ತಂತಿಯ ಮೇಲೆ ಒಣಹಾಕಿದ್ದ ಮೇಷ್ಟ್ರ ಬಿಳಿ ಅಂಗಿಗೆ ಬೂದು ಬಣ್ಣ ಕೊಟ್ಟಿತು. ಆರನೆಯದಕ್ಕೆ ಮೈಯೆಲ್ಲ ನಡುಗಿ ಹಾರನ್ನು ತಾನಾಗಿಯೇ ಬಾರಿಸಿತು. ಬ್ಯಾಟರಿ ಸೋತಾಗ ದರ್ಜಿ ಹಿಂದಿನಿಂದ ತಳ್ಳಿದ. ಪ್ರತಿ ಸಲವೂ ಮೇಷ್ಟ್ರು "ತಪ್ಪು!" ಎಂದು ಕೂಗಿ, ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಒಂದು ಇಂಟು ಮಾರ್ಕು ಹಾಕಿದರು.

ಐದಾರು ಕ್ರಮಗಳಿಗೆ ಕಾರು ಕೆಮ್ಮುತ್ತ ಓಡಿದ್ದೂ ಉಂಟು. ಮಧ್ಯಾಹ್ನ ಒಮ್ಮೆ ಹಾಗೆ ಕೆಮ್ಮಿದಾಗ ಅಳಿಯ ತನಗೇ ಗೊತ್ತಿಲ್ಲದಂತೆ ಗೇಟಿನ ಕಡೆ ತಿರುಗಿ, ಜೇಬಿನೊಳಗೆ ಕೈ ಹಾಕಿಕೊಂಡ.

"ಸಾರ್, ಮುಂಚೆ ಹೀಗೇ ಇತ್ತಲ್ವಾ?" ಎಂದ ದರ್ಜಿ.

"ಸರಿಯಾದ ಕ್ರಮಕ್ಕೆ ಕಾರು ಕೆಮ್ಮುತ್ತೇನ್ರೀ? ತಪ್ಪು! ಮುಂದಿನದು!" ಎಂದರು ಮೇಷ್ಟ್ರು.

ನಾಲ್ಕು ಗಂಟೆಗೆ ಹತ್ತೊಂಬತ್ತನೆಯ ಕ್ರಮ. ಅಳಿಯ ಕಣ್ಣು ಮುಚ್ಚಿ ಕೀಲಿ ತಿರುಗಿಸಿದ. ಢಂ ಇಲ್ಲ, ಹೊಗೆ ಇಲ್ಲ, ಕೆಮ್ಮೂ ಇಲ್ಲ. ಹೊಟ್ಟೆ ತುಂಬಿದ ಬೆಕ್ಕಿನಂತೆ ಕಾರು ಗುರುಗುಟ್ಟಿತು. ಮೇಷ್ಟ್ರು ದರ್ಜಿಯನ್ನು ತಬ್ಬಿಕೊಂಡರು. ಉಳಿದ ಐದು ಕ್ರಮಗಳು ವ್ಯರ್ಥವಾದವಲ್ಲ ಎಂಬ ಬೇಸರ ಅವರ ಮುಖದಲ್ಲಿ ಸ್ವಲ್ಪ ಇತ್ತು.

ಐದಕ್ಕೆ ಅಳಿಯ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು ಸ್ಟೀರಿಂಗ್ ಹಿಡಿದ. ಭಾಮೈದ ಗೇಟಿಗೆ ಒರಗಿ ನಿಂತಿದ್ದ, ಅವನ ಪಕ್ಕದಲ್ಲಿ ಮೇಷ್ಟ್ರೂ ದರ್ಜಿಯೂ. ಮಾವ ಕೊಡಿಸಿದ್ದ ಬೂದು ಶಾಲು ಹೊದ್ದು ಅತ್ತೆ ಕಾರಿನೊಳಗೆ ಪಕ್ಕದಲ್ಲಿ ಕೂತರು. ಕಾರು ಬೆಣ್ಣೆಯ ಮೇಲೆ ಬೆರಳು ಹರಿದಂತೆ ಮೂರು ಬೀದಿ ಸುತ್ತಿ ಬಂತು. ದಾರಿಯುದ್ದಕ್ಕೂ ಅತ್ತೆ ಬಾನೆಟ್ಟಿನ ಕಡೆಗೇ ಕಿವಿಗೊಟ್ಟು ಕೂತಿದ್ದರು. ಮೆಚ್ಚಿಕೊಂಡಿರಬೇಕು ಎಂದುಕೊಂಡ ಅಳಿಯ.

ಅತ್ತೆ ಇಳಿದರು. ಕೀಲಿ ಕೇಳಿ ಪಡೆದು ಮಗನ ಕೈಗಿಟ್ಟರು. "ಮಾರಿಬಿಡಪ್ಪಾ."

"ಅತ್ತೆ! ಒಂಚೂರೂ ಸದ್ದಿಲ್ಲದೆ ಬಂತಲ್ಲ!"

"ಅದಕ್ಕೇ. ಇದು ಅವರ ಕಾರಲ್ಲ." ಅತ್ತೆ ಶಾಲಿನ ಅಂಚು ಸರಿಪಡಿಸಿಕೊಂಡರು. "ಮೂರು ಬೀದಿ ಆಚೆಗೇ ಆ ಕೆಮ್ಮು ಕೇಳೋದು. ಕೇಳಿದ ತಕ್ಷಣ ಒಲೆ ಮೇಲೆ ನೀರಿಡ್ತಿದ್ದೆ. ಅವರು ಚಪ್ಪಲಿ ಬಿಡೋ ಹೊತ್ತಿಗೆ ಟೀ. ನೀವು ವಾರಕ್ಕೊಂದ್ಸಲ ಚಾಲೂ ಮಾಡುವಾಗ ಒಳಗೆ ಕೆಲಸ ಬಿಟ್ಟು ಕೂತ್ಕೋತಿದ್ದೆ. ಇವತ್ತು ಮಧ್ಯಾಹ್ನಾನೂ ಕೇಳಿಸ್ತು. ನಿದ್ದೆಗಣ್ಣಲ್ಲೇ ಎದ್ದು ನೀರಿಟ್ಟುಬಿಟ್ಟೆ. ಅಷ್ಟರಲ್ಲಿ ನೀವು ನಿಲ್ಲಿಸಿಬಿಟ್ರಿ."

ಮೊದಲು ಹೊಳೆದದ್ದು ದರ್ಜಿಗೆ. "ಹೊಸ ವೈರಲ್ಲೂ ಅದೇ ಕೆಮ್ಮು ಅಂದ್ರೆ... ದೊಡ್ಡೋರು ಮೊದಲಿಂದಲೂ ಎರಡು ವೈರು ಅದಲುಬದಲು ಹಾಕ್ಕೊಂಡೇ ಓಡಿಸ್ತಿದ್ರಾ!"

"ಅತ್ತೆ, ಅದು ತಪ್ಪು ಕ್ರಮ" ಎಂದ ಅಳಿಯ ಮೆಲ್ಲಗೆ.

"ತಪ್ಪೇ ಇರ್ಲಿ. ಅವರದ್ದು."

"ಏಳಕ್ಕೆ ಗಿರಾಕಿ ಬರ್ತಾನೆ" ಎಂದ ಭಾಮೈದ, ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ.

"ಅಷ್ಟರೊಳಗೆ ಮಧ್ಯಾಹ್ನದ ಕೆಮ್ಮು ವಾಪಸ್ ಬಂದ್ರೆ ಕಾರು ಅಳಿಯಂದಿರದ್ದು" ಎಂದರು ಅತ್ತೆ.

ಅಳಿಯನಿಗೆ ಜೀವ ಬಂತು. "ಮೇಷ್ಟ್ರೇ, ನೋಟ್‌ಬುಕ್ಕು! ಮಧ್ಯಾಹ್ನದ್ದು ಎಷ್ಟನೇದು?"

ಮೇಷ್ಟ್ರು ಪುಟ ತಿರುವಿದರು. ಇನ್ನೊಮ್ಮೆ ತಿರುವಿದರು. ಹದಿನೆಂಟು ಕ್ರಮಗಳ ಮುಂದೆ, ಒಂದೇ ಅಳತೆಯ, ಒಂದೇ ಅಂದದ, ಹದಿನೆಂಟು ಇಂಟು ಮಾರ್ಕು.

"ಹೊತ್ತು ಬರೆದಿಲ್ವಾ? ಕೆಮ್ಮಿತು ಅಂತಾದ್ರೂ?"

"ತಪ್ಪು ಅಂದ್ರೆ ತಪ್ಪು ಕಣ್ರೀ" ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಅದರಲ್ಲೂ ಜಾತಿ ಇರುತ್ತೆ ಅಂತ ನಲವತ್ತು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ."

ಅತ್ತೆ ಕುರ್ಚಿ ಎಳೆಸಿ ಕಾರಿನ ಮುಂದೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂತರು. ಭಾಮೈದ ಕೀಲಿಯನ್ನು ಕಾರಿಗೆ ಸಿಕ್ಕಿಸಿ ಗಡಿಯಾರ ನೋಡಿಕೊಂಡ. ಹೆಂಡತಿ ಹಳೆಯ ಅಂಗಿ ತಂದು ಕೊಟ್ಟಳು. ಜೀವಮಾನವೆಲ್ಲ ತಪ್ಪುಗಳನ್ನು ಸರಿ ಮಾಡಿಕೊಂಡು ಬಂದ ಅಳಿಯ, ಸರಿಯಾಗಿದ್ದುದನ್ನು ತಪ್ಪು ಮಾಡಲು ಮೊದಲ ಸಲ ಬಾನೆಟ್ಟಿನೊಳಗೆ ಬಾಗಿದ.

ಢಂ!

"ಇದಲ್ಲ" ಎಂದರು ಅತ್ತೆ. "ಮುಂದಿನದು."