ಅರಳೆಮನೆ ಮೊದಲ ಸ್ಥಾನಕ್ಕೇರಿದ್ದು

"ಸುಕನ್ಯಾ, ಇನ್ಮೇಲೆ ನೀನೇ ಫಸ್ಟು! ಇಡೀ ಪ್ರಪಂಚದಲ್ಲೇ ಫಸ್ಟು!"

ಹೀಗೆಂದವರೇ ನಮ್ಮ ಶೇಷಗಿರಿ ಚಿಕ್ಕಪ್ಪ ಊಟದ ಮೇಜಿನ ಮೇಲೆ ಹೊದಿಸಿದ್ದ ಟವೆಲನ್ನು ಸರಕ್ಕನೆ ಎಳೆದರು. ಕೆಳಗಿದ್ದದ್ದು ಇಡ್ಲಿ ಕುಕ್ಕರು! ಅದರ ಹೊಟ್ಟೆಯೊಳಗೆ ಗಡಿಯಾರದ ಚಕ್ರಗಳು, ತಲೆಯ ಮೇಲೆ ಹಳೆಯ ರೇಡಿಯೋದ ಏರಿಯಲ್ಲು, ಮುಂದುಗಡೆ ಫ್ಯಾನ್ ರೆಗ್ಯುಲೇಟರಿನ ಗುಂಡಿ.

"ಅಯ್ಯೋ, ನನ್ನ ಕುಕ್ಕರು!" ಅಂಬುಜ ಚಿಕ್ಕಮ್ಮ ಅಡುಗೆಮನೆಯಿಂದ ಓಡಿಬಂದರು. "ವಾರದಿಂದ ಹುಡುಕ್ತಿದೀನಿ. ಕೇಳಿದ್ರೆ ನಂಗೇನ್ ಗೊತ್ತು ಅಂದ್ರಲ್ರೀ!"

"ವಿಜ್ಞಾನಕ್ಕೆ ತ್ಯಾಗ ಬೇಕು ಕಣೇ."

"ಹಾಗಾದ್ರೆ ನಿಮ್ಮ ಸ್ಕೂಟರ್ ತ್ಯಾಗ ಮಾಡಿ!"

ಚಿಕ್ಕಪ್ಪ ತುಮಕೂರಿನ ಕೈಗಡಿಯಾರದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕಾರ್ಖಾನೆಯವರು ಹಾರ ಹಾಕಿ ಕಳಿಸಿದ ದಿನದಿಂದ ಯಂತ್ರ ಮಾಡುತ್ತಲೇ ಇದ್ದಾರೆ. ಈ ಸಲದ್ದು ಮಾತ್ರ ನನ್ನ ಸಲುವಾಗಿ ಮಾಡಿದ್ದು. ಹಾಗಾಗಿ ನಾನು ಬೈಯುವ ಹಾಗೂ ಇರಲಿಲ್ಲ, ಎದ್ದು ಹೋಗುವ ಹಾಗೂ ಇರಲಿಲ್ಲ.

ನನ್ನ ಕತೆ ಇಷ್ಟೇ. ನಾನು ಮನೆಯಲ್ಲಿ ಗೆಜ್ಜೆವಸ್ತ್ರ ಮಾಡಿ 'ಅರಳೆಮನೆ' ಎಂಬ ವೆಬ್‌ಸೈಟಿನಲ್ಲಿ ಮಾರುತ್ತೇನೆ. ಹತ್ತಿ ಹೊಸೆಯುವವಳೂ ನಾನೇ, ಕುಂಕುಮ ಹಚ್ಚುವವಳೂ ನಾನೇ, ಫೋಟೋ ತೆಗೆಯುವವಳೂ ನಾನೇ, "ಮೇಡಂ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎನ್ನುವವರಿಗೆ ಉತ್ತರ ಕೊಡುವವಳೂ ನಾನೇ. ಇಂಥ ಅಂಗಡಿಗೆ ಬಾಗಿಲೂ ಇಲ್ಲ, ಬೋರ್ಡೂ ಇಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಾಣಿಸಿಕೊಳ್ಳಲು ನಾನು ಪಟ್ಟ ಪಾಡು ಕೇಳಬೇಡಿ! ಹುಡುಕುವವರು ಟೈಪಿಸುವ ಪದ ಪುಟದಲ್ಲಿ ಮತ್ತೆಮತ್ತೆ ಬರಬೇಕು ಎಂದು ಯಾರೋ ಹೇಳಿದರು. ಸಾಲಿಗೆರಡು ಸಲ 'ಗೆಜ್ಜೆವಸ್ತ್ರ' ಎಂದು ತುಂಬಿದೆ. ನಮ್ಮೆಜಮಾನರು ಓದಿ, "ಇದೇನೇ, ಅಷ್ಟೋತ್ತರ ಬರೆದಿದೀಯಾ?" ಎಂದರು. ಬೇರೆ ಸೈಟಿನವರು ನಮ್ಮ ಸೈಟಿಗೆ ಕೊಂಡಿ ಕೊಡಬೇಕು ಎಂದರು ಇನ್ನೊಬ್ಬರು. ಅಡುಗೆ ಸೈಟಿನವರಿಗೆಲ್ಲ ಕೈಮುಗಿದು ಮೇಲ್ ಕಳಿಸಿದೆ. ಒಬ್ಬರು ಉತ್ತರವಾಗಿ ಕೋಸಂಬರಿ ಮಾಡುವ ಕ್ರಮ ಕಳಿಸಿದರು! ಇಷ್ಟಾದರೂ ಅರಳೆಮನೆ ಇದ್ದದ್ದು ಹುಡುಕಾಟದ ಹದಿನಾಲ್ಕನೆಯ ಪುಟದಲ್ಲಿ. ಭರತನಾಟ್ಯದ ಗೆಜ್ಜೆ, ದಿಂಬಿನ ಹತ್ತಿ, ಗೊಂಬೆಯ ಲಂಗ ಎಲ್ಲವೂ ನನಗಿಂತ ಮೇಲೆ. ಹದಿನಾಲ್ಕನೆಯ ಪುಟದವರೆಗೆ ಬರುತ್ತಿದ್ದವರು ನಾನು ಮತ್ತು ನಮ್ಮಮ್ಮ, ಇಬ್ಬರೇ.

ಗೌರಿಹಬ್ಬ ಹತ್ತಿರ ಬಂದಿತ್ತು. ಗೌರಮ್ಮನಿಗೆ ಏರಿಸುವ ಹದಿನಾರೆಳೆಯ ಗೆಜ್ಜೆವಸ್ತ್ರ ಮಾಡಿ ಮಾಡಿ ಮಂಚದ ಕೆಳಗೆಲ್ಲ ತುಂಬಿದ್ದೆ. ಈ ಹಬ್ಬವೂ ಕೈಕೊಟ್ಟರೆ ಅರಳೆಮನೆ ಮುಚ್ಚಿ, ನಾದಿನಿಯ ಗಂಡನ ಚೀಟಿ ಕಚೇರಿಯಲ್ಲಿ ಕುಳಿತು, ಕಂತು ಕಟ್ಟದವರಿಗೆ ಫೋನು ಮಾಡಿ ಬೈಯುವ ಕೆಲಸಕ್ಕೆ ಸೇರುವುದೆಂದು ಮನೆಯಲ್ಲಿ ಮಾತಾಗಿತ್ತು. ನೆನೆಸಿಕೊಂಡರೇ ಅಳು ಬರುತ್ತಿತ್ತು ನನಗೆ.

"ಇದರ ಹೆಸರು ಮೊದಲಿಗ," ಚಿಕ್ಕಪ್ಪ ಕುಕ್ಕರಿನ ತಲೆ ಸವರಿದರು. "ಪ್ರಪಂಚದಲ್ಲಿ ಎಲ್ಲೆಲ್ಲಿ ಸಾಲು ಇದೆಯೋ ಅಲ್ಲೆಲ್ಲಾ ಸಾಲುಕಣ ಅಂತ ಒಂದು ಕಣ ಇರುತ್ತೆ. ನಾನು ಕಂಡುಹಿಡಿದಿದ್ದು! ಮೊದಲಿಗ ಅದನ್ನ ಹಿಡಿದು ಮುಂದಕ್ಕೆ ದಬ್ಬುತ್ತೆ, ಅಷ್ಟೇ."

ಆಮೇಲೆ ಯಂತ್ರದ ಮೂತಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದರು: "ಸುಕನ್ಯಾ! ಪುನರ್ವಸು ನಕ್ಷತ್ರ! ಕಾಶ್ಯಪ ಗೋತ್ರ! ತುಮಕೂರು!"

"ಚಿಕ್ಕಪ್ಪ, ವೆಬ್‌ಸೈಟಿನ ವಿಳಾಸ ಹೇಳ್ಬೇಕಲ್ವಾ?"

"ದೇವಸ್ಥಾನದಲ್ಲಿ ಅರ್ಚನೆಗೆ ಅಂಗಡಿ ಹೆಸರು ಹೇಳ್ತೀವೇನಮ್ಮಾ? ಯಜಮಾನರ ಹೆಸರು ಹೇಳ್ತೀವಿ. ಯಜಮಾನರಿಗೆ ಒಳ್ಳೇದಾದ್ರೆ ಅಂಗಡಿಗೆ ತಾನಾಗೇ ಆಗುತ್ತೆ!"

ಗುಂಡಿ ತಿರುಗಿಸಿದರು. ಮೊದಲಿಗ ಕುಯ್ಯೋ ಎಂದು ಒಮ್ಮೆ ಕೂಗಿ, ಟಿಕ್ ಟಿಕ್ ಎನ್ನತೊಡಗಿತು.

ಮಾರನೆಯ ಬೆಳಿಗ್ಗೆ ದೇವಸ್ಥಾನದಿಂದ ಹೊರಗೆ ಬಂದರೆ, ಚಪ್ಪಲಿಗಳ ದೊಡ್ಡ ರಾಶಿಯ ನೆತ್ತಿಯ ಮೇಲೆ ನನ್ನ ಎರಡೂ ಚಪ್ಪಲಿ ಜೋಡಿಯಾಗಿ ಕುಳಿತಿದ್ದವು! ತರಕಾರಿ ಅಂಗಡಿಯವನು ಎಲ್ಲರ ಹಿಂದೆ ನಿಂತಿದ್ದ ನನ್ನನ್ನೇ ಕರೆದು, "ನಿಮಗೇನಕ್ಕಾ?" ಎಂದ. ಪರಿಚಯದವರ ಗೃಹಪ್ರವೇಶದ ಪಂಕ್ತಿಯಲ್ಲಿ ಕಟ್ಟಕಡೆಯ ಎಲೆಗೆ ಕುಳಿತೆ. ಹೋಳಿಗೆ ಬಡಿಸುವವರು ಅಷ್ಟು ಜನರನ್ನೂ ದಾಟಿ ನೇರ ನನ್ನ ಹತ್ತಿರ ಬಂದು, ಅಲ್ಲಿಂದಲೇ ಶುರು ಮಾಡಿದರು. ನನಗೆ ಖುಷಿಯೋ ಖುಷಿ!

ಖುಷಿ ಬಹಳ ದಿನ ಉಳಿಯಲಿಲ್ಲ. ಊರಲ್ಲಿ ಎಷ್ಟು ಗಣೇಶನ ಸಮಿತಿಗಳಿವೆಯೋ ಅಷ್ಟೂ ಸಮಿತಿಯವರು ಚಂದಾ ಪುಸ್ತಕದ ಮೊದಲ ಹಾಳೆ ತೆರೆದುಕೊಂಡು ನಮ್ಮ ಗೇಟಿನ ಮುಂದೆ ನಿಂತರು.

"ಬೋಣಿ ನಿಮ್ಮನೇದೇ ಮೇಡಂ! ಕೈ ಬಿಗಿ ಹಿಡಿಬೇಡಿ!"

"ನೀವು ಯಾವ ಬಡಾವಣೆಯವ್ರಪ್ಪಾ?"

"ಶಿರಾ ಗೇಟಿಂದಾಚೆ ಮೇಡಂ. ಯಾಕೋ ಇಲ್ಲಿಂದ್ಲೇ ಶುರು ಮಾಡೋಣ ಅನ್ನಿಸ್ತು!"

ಪಾಲಿಕೆಯವರು ಚರಂಡಿ ಅಗೆಯಲು ಶುರು ಮಾಡಿದ್ದು ನಮ್ಮ ಮನೆಯ ಮುಂದೆ. ಸಂಜೆ ಪಾರ್ಕಿನ ಸೊಳ್ಳೆಗಳೆಲ್ಲ ಮೊದಲು ನನ್ನನ್ನೇ ವಿಚಾರಿಸಿಕೊಂಡವು. ಎದುರುಮನೆಯ ಅರಿಶಿನ ಕುಂಕುಮಕ್ಕೆ ಹೋದರೆ, ಸಂಗೀತ ಕಲಿತವರು ನಾಲ್ಕು ಜನ ಕುಳಿತಿದ್ದರೂ, "ಮೊದಲು ನೀವೇ ಒಂದು ಹಾಡಿ" ಎಂದು ಗಂಟುಬಿದ್ದರು. ಹಾಡಿದೆ. ಆ ಮನೆಯ ಮಗು ಎದ್ದು ಅಳಲು ಶುರು ಮಾಡಿತು.

ಸಿಟ್ಟು ನೆತ್ತಿಗೇರಿ ಚಿಕ್ಕಪ್ಪನ ಮನೆಗೆ ಹೋದೆ. "ಎಲ್ಲಾ ಕಡೆ ಫಸ್ಟ್ ಬಂದಾಯ್ತು. ಬರ್ಬೇಕಾದಲ್ಲಿ ಯಾವಾಗ ಚಿಕ್ಕಪ್ಪ?"

"ಹತ್ತಿರದ ಸಾಲುಗಳು ಮೊದಲು ಸರಿಯಾಗ್ಬೇಕಮ್ಮಾ. ಇಂಟರ್ನೆಟ್ ದೂರ ಅಲ್ವಾ!"

"ದೂರಾನಂತೆ ದೂರ," ಚಿಕ್ಕಮ್ಮ ಒಗ್ಗರಣೆಯ ಸೌಟು ಹಿಡಿದೇ ಬಂದರು. "ಮಗು ಮುಖ ನೋಡ್ರೀ, ಸೊಳ್ಳೆ ಕಚ್ಚಿ ಹೆಂಗಾಗಿದೆ! ನಿಲ್ಸಿ ಅದನ್ನ. ನನ್ನ ಕುಕ್ಕರ್ ನಂಗೆ ಕೊಡಿ."

ಅಷ್ಟರಲ್ಲಿ ನನ್ನ ಫೋನು ಟಿಣ್ ಎಂದಿತು. ಒಂದು ಆರ್ಡರ್. ಮತ್ತೆ ಟಿಣ್. ಮತ್ತೆ ಟಿಣ್ ಟಿಣ್ ಟಿಣ್! 'ಗೆಜ್ಜೆವಸ್ತ್ರ' ಎಂದು ಹುಡುಕಿದೆ. ಮೊದಲ ಪುಟ, ಮೊದಲ ಸಾಲು: ಅರಳೆಮನೆ!

ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಚಿಕ್ಕಪ್ಪ ಹೆಗಲ ಮೇಲಿನ ಟವೆಲನ್ನು ರುಮಾಲಿನ ಹಾಗೆ ಸುತ್ತಿಕೊಂಡರು. ಬಳ್ಳಾರಿ, ಮಂಗಳೂರು, ಪುಣೆ, ದಿಲ್ಲಿ, ಎಲ್ಲ ಕಡೆಯಿಂದ ಆರ್ಡರು! ಮಂಚದ ಕೆಳಗಿನದೆಲ್ಲ ಖಾಲಿಯಾಗಿ, ಚಿಕ್ಕಮ್ಮನೂ ನಾನೂ ನಮ್ಮೆಜಮಾನರೂ ಕೂತು ಮತ್ತಷ್ಟು ಮಾಡಿ, ಕವರಿಗೆ ತುಂಬಿ, ಮೂಟೆ ಕಟ್ಟಿ ಕೊರಿಯರ್ ಕಚೇರಿಗೆ ಒಯ್ದೆವು.

ಅಲ್ಲಿ ರಸೀದಿ ಬರೆಸಿ ಹೊರಗೆ ಬರುವಷ್ಟರಲ್ಲಿ ಲೋಡು ಮಾಡಿಸುವ ಲೋಕೇಶಪ್ಪ ಲಾರಿ ತುಂಬಿಸಿ ಎದೆಯುಬ್ಬಿಸಿ ನಿಂತಿದ್ದ. "ನಿಮ್ದೇ ಫಸ್ಟ್ ಹತ್ತಿಸ್ದೆ ಮೇಡಂ! ಬೇರೆಯವ್ರದ್ದು ಎಷ್ಟೋ ಹೊತ್ತಿಂದ ಬಿದ್ದಿತ್ತು. ಯಾಕೋ ನಿಮ್ದನ್ನೇ ಮೊದಲು ಎತ್ತೋಣ ಅನ್ನಿಸ್ತು."

ಲಾರಿಯ ಒಳಗೆ ಇಣುಕಿದೆ. ನನ್ನ ಮೂಟೆಗಳು ಕಟ್ಟಕಡೆಯ ಮೂಲೆಯಲ್ಲಿ, ತಳದಲ್ಲಿದ್ದವು. ಅದರ ಮೇಲೆ ಮಿಕ್ಸಿ ಡಬ್ಬಿಗಳು, ಅದರ ಮುಂದೆ ಟೈರುಗಳು, ಅದರ ಮುಂದೆ ಯಾರದೋ ಬೀರು!

"ಇದು ಇಳಿಯೋದ್ಯಾವಾಗ ಲೋಕೇಶಪ್ಪಾ?"

"ಮುಂದಿರೋದೆಲ್ಲ ಇಳಿದ ಮೇಲೆ. ಹುಬ್ಳೀಲಿ ಬೇರೆ ಗಾಡಿಗೆ ಹತ್ತಿಸ್ತಾರೆ, ಅಲ್ಲೂ ಮೊದಲು ಹತ್ತಿದ್ರೆ ಅಲ್ಲೂ ಕೊನೇಗೇ..." ಅವನು ತಲೆ ಕೆರೆದುಕೊಂಡ. "ಗಣಪತಿ ಬಿಡೋ ಹೊತ್ತಿಗೆ ಸೇರುತ್ತೆ ಬಿಡಿ ಮೇಡಂ."

ಗಣಪತಿ ಬಿಡುವ ಹೊತ್ತಿಗೆ ಗೌರಮ್ಮನ ಗೆಜ್ಜೆವಸ್ತ್ರ ಬಂದರೆ ಜನ ಅದನ್ನು ಏನು ಮಾಡಬೇಕು? ಕಿವಿಗೆ ಇಟ್ಟುಕೊಳ್ಳಬೇಕು! ಅಷ್ಟೂ ಮನೆಯವರು ದುಡ್ಡು ವಾಪಸ್ ಕೇಳುತ್ತಾರೆ, ಅಷ್ಟೂ ಜನ ಸೈಟಿನಲ್ಲಿ ಬೈದು ಬರೆಯುತ್ತಾರೆ. ಚೀಟಿ ಕಚೇರಿಯ ಕುರ್ಚಿ ಕಣ್ಣ ಮುಂದೆ ಬಂತು.

ಆಟೋ ಹಿಡಿದು ಚಿಕ್ಕಪ್ಪನ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಚಿಕ್ಕಪ್ಪನ ರುಮಾಲು ಬಿಚ್ಚಿಹೋಯಿತು. "ಇದನ್ನ ನಾನು ಯೋಚಿಸ್ಲೇ ಇಲ್ವಲ್ಲಮ್ಮಾ. ಇನ್ನೂ ಜೋರಾಗಿ ತಿರುಗಿಸ್ಲಾ?"

"ಜೋರಾಗಿ ಅಲ್ಲಾರೀ, ಉಲ್ಟಾ!" ಚಿಕ್ಕಮ್ಮ ಗುಡುಗಿದರು. "ಅಟ್ಟದ ಮೇಲೆ ಪಾತ್ರೆ ಜೋಡಿಸಿ ಗೊತ್ತಿದ್ರೆ ತಾನೇ ನಿಮಗೆ! ಮೊದಲು ಇಟ್ಟಿದ್ದು ಒಳಗೆ ಸೇರಿಕೊಳ್ಳುತ್ತೆ, ಕೊನೇಗೆ ಇಟ್ಟಿದ್ದು ಕೈಗೆ ಸಿಗುತ್ತೆ. ಅವಳನ್ನ ಕೊನೇಗೆ ತನ್ನಿ!"

"ಕೊನೇಗೆ ತಂದ್ರೆ ಇಂಟರ್ನೆಟ್ಟಲ್ಲೂ ಕೊನೇಗೆ ಹೋಗ್ತಾಳೆ ಕಣೇ! ಮಧ್ಯದಲ್ಲಿ ನಿಲ್ಲಲ್ಲ ಇದು."

ಇಬ್ಬರೂ ನನ್ನ ಮುಖ ನೋಡಿದರು. ಮೊದಲ ಪುಟದ ಮೊದಲ ಸಾಲು! ಅಲ್ಲಿಗೇರಲು ಎಷ್ಟು ಕಷ್ಟಪಟ್ಟಿದ್ದೆ ನಾನು! ಆದರೆ ನನ್ನನ್ನು ನಂಬಿ ದುಡ್ಡು ಕೊಟ್ಟವರ ಮನೆಯ ಗೌರಮ್ಮ ಬರಿಗೊರಳಲ್ಲಿ ಕೂರುವುದೇ?

"ತಿರುಗಿಸಿ ಚಿಕ್ಕಪ್ಪ," ಎಂದೆ.

ಚಿಕ್ಕಪ್ಪ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ ರಭಸಕ್ಕೆ ಅದು ಟಪ್ಪೆಂದು ಕಿತ್ತು ಅವರ ಕೈಗೇ ಬಂತು. ಮೊದಲಿಗ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ತನ್ನ ಪಾಡಿಗೆ ಹಿಂದುಮುಂದಾಗಿ ಟಿಕ್ ಟಿಕ್ ಎನ್ನತೊಡಗಿತು. ಸ್ವಲ್ಪ ಹೊತ್ತಿಗೆ ಲೋಕೇಶಪ್ಪನ ಫೋನು ಬಂತು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಲಾರಿಯ ಮುಂದಿನ ಟೈರು ಎರಡೂ ಠುಸ್ಸಂತು. ಲೋಡೆಲ್ಲ ಇಳಿಸಿ ಮತ್ತೆ ಹತ್ತಿಸಿದ್ವಿ. ಅದ್ಯಾಕೋ ನಿಮ್ಮ ಮೂಟೆ ಕಣ್ಣಿಗೇ ಬೀಳ್ಲಿಲ್ಲ. ಕೊನೇಗೆ ಬಾಗಿಲ ಹತ್ರ ತುರುಕಿದೀವಿ."

"ತುರುಕಿ ಲೋಕೇಶಪ್ಪಾ! ಚೆನ್ನಾಗಿ ತುರುಕಿ!" ಎಂದು ಕೂಗಿದೆ.

ಹುಬ್ಬಳ್ಳಿಯಲ್ಲಿ ಬಾಗಿಲು ತೆರೆದರೆ ಎದುರಿಗೇ ನನ್ನ ಮೂಟೆ. ಅಲ್ಲಿ ಮತ್ತೆ ಕೊನೆಗೆ ಹತ್ತಿ, ಮುಂದಿನ ಊರಿನಲ್ಲಿ ಮತ್ತೆ ಮೊದಲು ಇಳಿಯಿತು. ಗೌರಿಹಬ್ಬಕ್ಕೆ ಎಲ್ಲರ ಮನೆಗೂ ಗೆಜ್ಜೆವಸ್ತ್ರ ಮುಟ್ಟಿತು! ಒಬ್ಬರದೂ ತಪ್ಪಲಿಲ್ಲ. ದಿಲ್ಲಿಯ ಒಬ್ಬ ಅಜ್ಜಿ ಫೋನು ಮಾಡಿ, "ನನ್ನ ಮಗಳು ಕಳಿಸಿದ ಸೀರೆಗಿಂತ ಮುಂಚೆ ನಿನ್ನ ಗೆಜ್ಜೆವಸ್ತ್ರ ಬಂತು ಕಣಮ್ಮಾ, ನೂರು ಕಾಲ ಬಾಳು" ಎಂದರು. ಫೋನು ಇಟ್ಟ ಮೇಲೂ ತುಂಬ ಹೊತ್ತು ಕಣ್ಣೊರೆಸಿಕೊಳ್ಳುತ್ತಿದ್ದೆ.

ಅರಳೆಮನೆ ಈಗ ಇಂಟರ್ನೆಟ್ಟಿನ ಕಟ್ಟಕಡೆಯ ವೆಬ್‌ಸೈಟು. ಅದರ ನಂತರ ಏನೂ ಇಲ್ಲ. "ಕೊನೇದು ಅಂದ್ರೆ ಸಾಮಾನ್ಯಾನಾ? ಅದೂ ಒಂದೇ ಇರೋದು!" ಎಂದು ಚಿಕ್ಕಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರೆ. ಹಬ್ಬಕ್ಕೆ ತರಿಸಿಕೊಂಡವರು ನನ್ನ ನಂಬರು ಇಟ್ಟುಕೊಂಡು ದೀಪಾವಳಿಗೂ ಫೋನಿನಲ್ಲೇ ಹೇಳುತ್ತಿದ್ದಾರೆ. ತಂಗಿಗೆ, ವಾರಗಿತ್ತಿಗೆ, ಆಫೀಸಿನವರಿಗೆ ನಂಬರು ಕೊಡುತ್ತಿದ್ದಾರೆ. ಚೀಟಿ ಕಚೇರಿಗೆ ಬೇರೆ ಯಾರೋ ಸೇರಿದರಂತೆ. ನಾನು ಸುಖವಾಗಿದ್ದೇನೆ.

ಮೊದಲಿಗನಿಗೆ ಸರಿಹೊಂದುವ ಗುಂಡಿ ಮಾತ್ರ ಇನ್ನೂ ಸಿಕ್ಕಿಲ್ಲ. ಇದನ್ನೆಲ್ಲ ಬರೆದು ಮುಗಿಸಿದ್ದು ಹಲ್ಲಿನ ಡಾಕ್ಟರ ಶಾಪಿನ ಬೆಂಚಿನ ಮೇಲೆ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಕುಳಿತವಳು ನಾನು. ನನ್ನ ನಂತರ ಬಂದವರೆಲ್ಲ ಹಲ್ಲು ಕೀಳಿಸಿಕೊಂಡು ಮನೆಗೆ ಹೋದರು. ಈಗ ಡಾಕ್ಟರೂ ಊಟಕ್ಕೆ ಹೊರಟರು. ಪರವಾಗಿಲ್ಲ, ಹಲ್ಲುನೋವು ಕಾದು ಕಾದು ಬೇಸರವಾಗಿ ತಾನೇ ಹೊರಟುಹೋಗಿದೆ.