ಹದಿನೇಳ್ ಏಳ್ಲ ಎಷ್ಟು?

ಆಕಾಶದಲ್ಲಿ ತಿರುಗುವ ಉಪಗ್ರಹಕ್ಕೆ ಪೀಣ್ಯದಲ್ಲಿ ಕೂತು ಪರೀಕ್ಷೆ ಮಾಡಿ, ‘ಪರವಾಗಿಲ್ಲ, ಪಾಸು’ ಎನ್ನುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಗ್ರಹಚಾರಕ್ಕೆ ಆತ ನನ್ನ ಸೋದರಮಾವ!

ಮಾವನಿಗೆ ಇದ್ದದ್ದು ಒಂದೇ ಲಾರಿ. ಅದಕ್ಕೆ ಡ್ರೈವರು ಗದಗದ ಕಡೆಯ ಬಸಣ್ಣ. ನಾನು ಆಗ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿದ್ದೆ. ಲಾರಿಗಳಿಗೆ ಜಿಪಿಎಸ್ ಡಬ್ಬಿ ಹಾಕಿ, ಅವು ಎಲ್ಲಿವೆ ಎಂದು ಪರದೆಯ ಮೇಲೆ ತೋರಿಸುವ ಕಂಪನಿ. ಮಾವನ ಲಾರಿಗೂ ನಾನೇ ಮುಂದೆ ನಿಂತು ಒಂದು ಡಬ್ಬಿ ಹಾಕಿಸಿದೆ. ಥ್ಯಾಂಕ್ಸ್ ಹಾಳಾಗಿ ಹೋಗಲಿ, ಒಂದಿಷ್ಟು ನಂಬಿಕೆಯನ್ನಾದರೂ ಇಡಬಾರದೇ? ಪರದೆಯ ಮೇಲೆ ಲಾರಿಯ ಚುಕ್ಕೆ ಹಿರಿಯೂರಿನಲ್ಲಿ ಕಂಡರೆ ಈತ ಬಸಣ್ಣನಿಗೆ ಫೋನು ಮಾಡಿ, “ಎಲ್ಲಿದ್ದೀಯಪ್ಪಾ?” ಎನ್ನುತ್ತಿದ್ದ. ಅವನು “ಹಿರಿಯೂರ್ರೀ” ಎಂದರೆ ನನ್ನ ಕಡೆ ತಿರುಗಿ, “ನಿನ್ ಸ್ಯಾಟಲೈಟು ಸುಳ್ಳು ಹೇಳಿಲ್ಲ ಕಣ್ಲಾ!” ಎಂದು ಸರ್ಟಿಫಿಕೇಟು ಕೊಡುತ್ತಿದ್ದ.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಎರಡು ಗಂಟೆಗೊಮ್ಮೆ ಮಾವ ಮಿಸ್ಡ್ ಕಾಲ್ ಕೊಡಬೇಕು, ಬಸಣ್ಣ ಲಾರಿ ಪಕ್ಕಕ್ಕೆ ನಿಲ್ಲಿಸಿ ವಾಪಸು ಫೋನು ಮಾಡಬೇಕು. ಯಾಕೆ ಗೊತ್ತೇ? ಹದಿನೇಳರ ಮಗ್ಗಿ ಒಪ್ಪಿಸಲಿಕ್ಕೆ! ತಡವರಿಸಿದರೆ ನಿದ್ದೆ ಬಂದಿದೆ ಎಂದರ್ಥವಂತೆ. “ತೂಕಡಿಸೋನ್ಗೆ ಎರಡರ ಮಗ್ಗಿ ಬತ್ತದೆ, ಹದಿನೇಳರದ್ದು ಬರಾಕಿಲ್ಲ” ಎನ್ನುವುದು ಮಾವನ ಸಂಶೋಧನೆ. ಲಾರಿ ಹೀಗೆ ನಿಂತಾಗಲೆಲ್ಲ ನಮ್ಮ ಪರದೆಯ ಹಸಿರು ಚುಕ್ಕೆ ಕೆಂಪಾಗುತ್ತಿತ್ತು. ಕೆಂಪೆಂದರೆ ಅನುಮತಿ ಇಲ್ಲದೆ ನಿಂತ ಗಾಡಿ ಎಂದು. ಆಫೀಸಿನಲ್ಲಿ ನಗುತ್ತಿದ್ದವರಿಗೆ ನಾನು ಏನೆಂದು ಉತ್ತರ ಕೊಡಲಿ?

ಪೀಣ್ಯದ ಕಾರ್ಖಾನೆಯೊಂದು ಹುಬ್ಬಳ್ಳಿಗೆ ಸರಕು ಸಾಗಿಸುವ ಕೆಲಸವನ್ನು ಮಾವನಿಗೆ ವರ್ಷಪೂರ್ತಿ ಕೊಡಲು ಯೋಚಿಸಿತ್ತು. ಮೊದಲ ಟ್ರಿಪ್ಪು ಹೊತ್ತಿಗೆ ಸರಿಯಾಗಿ ತಲುಪಿದರೆ ಕೆಲಸ ನಿಮ್ಮದು ಎಂದರು. ಆ ಮಧ್ಯಾಹ್ನ ಕಾರ್ಖಾನೆಯ ಮ್ಯಾನೇಜರು, ಮಾವ, ನಾನು ಮೂವರೂ ಪರದೆಯ ಮುಂದೆ ಕೂತಿದ್ದೆವು. ಹಸಿರು ಚುಕ್ಕೆ ಶಿರಾ ದಾಟಿ ಸಲೀಸಾಗಿ ಓಡುತ್ತಿತ್ತು. ನಾನು ಎದೆಯುಬ್ಬಿಸಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಈ ಮಹಾನುಭಾವ ಮಿಸ್ಡ್ ಕಾಲ್ ಕೊಟ್ಟೇಬಿಟ್ಟ! ಬಸಣ್ಣ ಗಾಡಿ ನಿಲ್ಲಿಸಿ ಫೋನು ಮಾಡಿದ.

“ಹದಿನೇಳ್ ಏಳ್ಲ?”

“ಹದಿನೇಳ ಏಳ್ಲೆ... ನೂರಾ ಒಂಬತ್ರೀ.”

“ಹತ್ತು ಕಮ್ಮಿ ಆಯ್ತು. ಗಾಡಿ ಸೈಡಿಗೆ ಹಾಕಿ ಎರಡು ಗಂಟೆ ಮಲಕ್ಕೋ.”

“ಮಾವಾ, ನಿಂಗೇನ್ ತಲೆ ಕೆಟ್ಟಿದ್ಯಾ?” ಎಂದು ಮ್ಯಾನೇಜರ ಎದುರೇ ಕೂಗಿದೆ.

“ಗಾಡಿ ಎಲ್ಲೈತೆ ಅಂತ ನಿನ್ ಡಬ್ಬಿ ಹೇಳ್ತದೆ. ಓಡ್ಸೋನ್ ಕಣ್ ಬಿಟ್ಕೊಂಡವ್ನಾ ಅಂತ ಹೇಳ್ತದಾ?”

ಕೆಲಸ ಬೇರೆಯವರ ಪಾಲಾಯಿತು. ಹಿಂದಿರುಗಿದ ಬಸಣ್ಣ, “ಕಣ್ಣು ಮುಚ್ಚಿದ್ದು ನನಗಽ ಗೊತ್ತಾಗಿರ್ಲಿಲ್ರೀ” ಎಂದ. ಮಾವನ ಉಪ್ಪು ತಿಂದವನು, ಇನ್ನೇನು ಹೇಳುತ್ತಾನೆ ಎಂದುಕೊಂಡೆ. ಮಾವನ ಜತೆ ಮಾತು ಬಿಟ್ಟೆ.

ಮೂರು ವಾರ ಕಳೆದಿರಬೇಕು. ಸಾಲಾಗಿ ಐದು ರಾತ್ರಿಪಾಳಿ ಮುಗಿಸಿ, ಬೆಳಿಗ್ಗೆ ಬೈಕಿನಲ್ಲಿ ಬಾಗಲಗುಂಟೆಯ ಮನೆಗೆ ಹೊರಟಿದ್ದೆ. ಹೆಬ್ಬಾಳ ದಾಟಿದ ಮೇಲೆ ಮಾವನ ಮಿಸ್ಡ್ ಕಾಲ್! ನನ್ನ ಪಾಳಿಯ ಸುದ್ದಿಯನ್ನು ಅಮ್ಮ ಊದಿರಬೇಕು. ಇವತ್ತು ನೀರಿಳಿಸಿಯೇಬಿಡುತ್ತೇನೆ ಎಂದು ಬೈಕು ನಿಲ್ಲಿಸಿ ಫೋನು ಮಾಡಿದೆ.

“ಹದಿನೇಳ್ ಏಳ್ಲ?”

“ನಾನೇನ್ ನಿನ್ ಡ್ರೈವರಾ? ನೂರಾ...”

ನೂರಾ ಎಷ್ಟು? ಬೈಯಲು ಬಾಯಿ ತೆರೆದವನಿಗೆ ಉತ್ತರ ಹೊಳೆಯಲೇ ಇಲ್ಲ. ತಿರುಗಿ ನೋಡಿದರೆ ಹೆಬ್ಬಾಳದ ಮೇಲುಸೇತುವೆ. ಅದನ್ನು ಹತ್ತಿದ್ದು, ಇಳಿದದ್ದು ಯಾವುದೂ ನೆನಪಿರಲಿಲ್ಲ. “ಹೆಬ್ಬಾಳದ ಹತ್ರ ನಿಂತಿದ್ದೀನಿ ಮಾವಾ” ಎಂದೆ.

“ಅಲ್ಲೇ ಇರು ಮಗಾ, ಬತ್ತೀನಿ” ಎಂದ ಮಾವ.

ಲಾರಿಯಲ್ಲೇ ಬಂದ. ಬಸಣ್ಣ ಬೈಕನ್ನು ಹಿಂದೆ ಏರಿಸಿ ಹಗ್ಗ ಕಟ್ಟುವಷ್ಟರಲ್ಲಿ, ಮಾವ ನನ್ನನ್ನು ಕ್ಯಾಬಿನ್ನಿನಲ್ಲಿ ಮಲಗಿಸಿ, ತನ್ನ ಟವೆಲು ಮಡಚಿ ತಲೆಯಡಿಗೆ ಇಟ್ಟ. ಅಷ್ಟು ಹೊತ್ತೂ ನಮ್ಮ ಆಫೀಸಿನ ಪರದೆಯ ಮೇಲೆ ಹೆಬ್ಬಾಳದ ಹತ್ತಿರ ಒಂದು ಕೆಂಪು ಚುಕ್ಕೆ ಉರಿಯುತ್ತಿದ್ದಿರಬೇಕು. ಅನುಮತಿ ಇಲ್ಲದೆ ನಿಂತ ಗಾಡಿ. ಅದು ನನಗಾಗಿ ನಿಂತಿತ್ತು.